ಕಣ್ಣು, ನೋಟ, ಕಾಣ್ಕೆ

ನೋಡುವುದೆಂದರೇನು ಎಂಬ ವಿಷಯವಾಗಿ ಬಾನುಲಿಯಲ್ಲಿ ಮಾತನಾಡಬೇಕೆಂದು ಆಹ್ವಾನ ಬಂದಾಗ ನನಗೆ ಮೊದಲು ನಗು ಬಂದಿತು. ತೋರಿಸಲು ಒಂದು ಚಿತ್ರವಿಲ್ಲ, ಬೊಟ್ಟುಮಾಡಲು ಒಂದು ಶಿಲ್ಪವಿಲ್ಲ. ಹೇಳುವವನ ಮುಖವೂ ಕೇಳುವವರಿಗೆ ಕಾಣದು. ಆದರೆ ಯೋಚಿಸಿದಂತೆಲ್ಲ ಈ ವಿಷಯಕ್ಕೆ ಬಾನುಲಿಯೇ ತಕ್ಕ ಸ್ಥಳವೆಂದು ಅನಿಸತೊಡಗಿತು. ವಸ್ತು ಕಣ್ಣೆದುರಿಗೆ ಇರುವಾಗ ನಾವು ವಸ್ತುವನ್ನು ನೋಡುತ್ತೇವೆಯೇ ಹೊರತು ನಮ್ಮ ನೋಟದ ಕಡೆಗೆ ತಿರುಗುವುದಿಲ್ಲ. ವಸ್ತು ಮರೆಯಾದಾಗ ಮಾತ್ರ, ನಾನು ಅದನ್ನು ಹೇಗೆ ನೋಡಿದೆ ಎಂಬ ಪ್ರಶ್ನೆಗೆ ಎಡೆಯುಂಟು.

ನನಗೆ ಈ ಪ್ರಶ್ನೆ ಬಲವಾಗಿ ತಗುಲಿದ್ದು ಆಸ್ಪತ್ರೆಯ ದಾರಿಯಲ್ಲಿ. ಎರಡು ವರ್ಷಗಳ ಹಿಂದೆ ನನ್ನ ಬಲಗಣ್ಣಿನ ಪೊರೆಯನ್ನು ತೆಗೆದರು. ಪಟ್ಟಿ ಬಿಚ್ಚಿ ಮನೆಗೆ ಬಂದಾಗ ಒಂದು ವಿಚಿತ್ರವನ್ನು ಕಂಡೆ. ನಮ್ಮ ನಡುಮನೆಯ ಗೋಡೆ ಕೆನೆಬಣ್ಣದ್ದೆಂದು ವರ್ಷಗಳಿಂದ ನಂಬಿದ್ದೆ. ಅದು ಬಿಳಿಯ ಗೋಡೆ. ಎಡಗಣ್ಣನ್ನು ಮುಚ್ಚಿದರೆ ಬಿಳಿ, ಬಲಗಣ್ಣನ್ನು ಮುಚ್ಚಿದರೆ ಕೆನೆ. ಪೊರೆ ಬೆಳೆಯುತ್ತ ಬಂದಂತೆ ಲೋಕಕ್ಕೆಲ್ಲ ಹಳದಿ ಬಳಿಯುತ್ತಲೇ ಬಂದಿತ್ತು, ನನಗೆ ತಿಳಿದಿರಲಿಲ್ಲ. ಮನೆಯಾಕೆಯನ್ನು ಕೇಳಿದರೆ, "ಅದು ಯಾವತ್ತೂ ಬಿಳಿಯೇ, ನೀವೇ ಕೆನೆಬಣ್ಣ ಅಂತಿದ್ದಿರಿ, ನಾನು ಸುಮ್ಮನಿದ್ದೆ" ಎಂದಳು. ವೈದ್ಯರು ತೆಗೆಯಬಲ್ಲ ಪೊರೆ ಇದಾದರೆ, ಅವರು ತೆಗೆಯಲಾರದ ಪೊರೆಗಳು ಇನ್ನೆಷ್ಟು ಇರಬಹುದು ಎಂಬ ಯೋಚನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ವೃತ್ತಿಯಿಂದ ನಾನು ಸಾಹಿತ್ಯದ ಮೇಷ್ಟ್ರು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ತರಗತಿಯಲ್ಲಿ ಹೇಳಿಕೊಂಡು ಬಂದ ಮಾತೆಂದರೆ, ಕಾವ್ಯಕ್ಕೆ ಬರಿಯ ಓದುಗ ಸಾಲದು, ಸಹೃದಯ ಬೇಕು ಎಂಬುದು. ಮನಸ್ಸೆಂಬ ಕನ್ನಡಿಯನ್ನು ಕಾವ್ಯದ ಅಭ್ಯಾಸದಿಂದ ಉಜ್ಜಿ ತಿಳಿಯಾಗಿಸಿಕೊಂಡವನು ಸಹೃದಯ ಎಂಬುದು ಅಭಿನವಗುಪ್ತನ ಅಭಿಪ್ರಾಯ. ಪಂಪನನ್ನು ಓದಲು ಹಳಗನ್ನಡ ಬೇಕು, ಛಂದಸ್ಸಿನ ಕಿವಿ ಬೇಕು, ಭಾರತದ ಕಥೆ ಗೊತ್ತಿರಬೇಕು ಎಂದರೆ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಒಂದು ಚಿತ್ರವನ್ನೋ ಶಿಲ್ಪವನ್ನೋ ನೋಡಲು ಏನು ಬೇಕು? ಕಣ್ಣಿದ್ದರೆ ಸಾಕು ಎನ್ನುತ್ತೇವೆ. ನಮ್ಮ ಹಿರಿಯರು ಹಾಗೆ ತಿಳಿದಿರಲಿಲ್ಲ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಮೂರ್ತಿಲಕ್ಷಣವನ್ನು ತಿಳಿಯಬಯಸಿದ ವಜ್ರನೆಂಬ ರಾಜನಿಗೆ ಮಾರ್ಕಂಡೇಯನು ಕೊಡುವ ಉತ್ತರದ ತಾತ್ಪರ್ಯವಿದು: ಮೂರ್ತಿಯನ್ನು ಅರಿಯಲು ಚಿತ್ರವನ್ನು ಅರಿಯಬೇಕು, ಚಿತ್ರಕ್ಕೆ ನೃತ್ಯ ಬೇಕು, ನೃತ್ಯಕ್ಕೆ ವಾದ್ಯ ಬೇಕು, ವಾದ್ಯಕ್ಕೆ ಗೀತ ಬೇಕು. ಕಣ್ಣಿನ ವಿದ್ಯೆಗೆ ಹೊರಟವನು ಕಿವಿಯ ವಿದ್ಯೆಯವರೆಗೂ ನಡೆಯಬೇಕಾಯಿತು!

ಕಲೆಯ ಇತಿಹಾಸವನ್ನೂ ದೃಶ್ಯ ಸಂಸ್ಕೃತಿಯನ್ನೂ ಅಭ್ಯಸಿಸಿದ ವಿದ್ವಾಂಸರು ಕಳೆದ ಒಂದು ಶತಮಾನದಲ್ಲಿ ಬೇರೆಬೇರೆ ದಾರಿಗಳಿಂದ ಬಂದು ಸೇರಿದ ತೀರ್ಮಾನವೂ ಇದಕ್ಕೆ ದೂರದ್ದಲ್ಲ. ನೋಟವು ಹುಟ್ಟಿನಿಂದ ಬಂದದ್ದಷ್ಟೇ ಅಲ್ಲ, ಕಲಿತದ್ದು. ಕಲಿತದ್ದಾದ್ದರಿಂದ ಅದಕ್ಕೊಂದು ಚರಿತ್ರೆಯಿದೆ. ಚರಿತ್ರೆಯಿರುವುದರಿಂದ ಅದರಲ್ಲಿ ನಮ್ಮ ಹೊಣೆಯೂ ಇದೆ. ಈ ಮೂರು ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತೋಣ.

ಕಲಿಕೆಯ ಮಾತನ್ನು ಮೊದಲು ನೋಡೋಣ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಐರ್ಲೆಂಡಿನ ವಿಲಿಯಂ ಮಾಲಿನ್ಯೂ ಎಂಬಾತ ತತ್ತ್ವಜ್ಞಾನಿ ಜಾನ್ ಲಾಕ್‌ಗೆ ಒಂದು ಪ್ರಶ್ನೆ ಬರೆದು ಕಳುಹಿಸಿದ. ಹುಟ್ಟುಕುರುಡನೊಬ್ಬ ಚೆಂಡನ್ನೂ ಚೌಕದ ಗಟ್ಟಿಯನ್ನೂ ಮುಟ್ಟಿ ಬಲ್ಲ. ಅವನಿಗೆ ಹಠಾತ್ತನೆ ಕಣ್ಣು ಬಂದರೆ, ಮುಟ್ಟದೆಯೇ, ಬರಿಯ ನೋಟದಿಂದ ಚೆಂಡು ಯಾವುದು, ಚೌಕ ಯಾವುದು ಎಂದು ಹೇಳಬಲ್ಲನೇ? ಹೇಳಲಾರನೆಂದು ಇಬ್ಬರೂ ಒಪ್ಪಿದರು. ಆದರೆ ಅದು ತರ್ಕದ ಉತ್ತರವಾಗಿತ್ತು. ಇದಕ್ಕೆ ಪ್ರಯೋಗದ ಉತ್ತರ ದೊರೆತದ್ದು ಮೂರು ಶತಮಾನಗಳ ಮೇಲೆ, ನಮ್ಮ ದೇಶದಲ್ಲಿ. ಅಮೆರಿಕದಲ್ಲಿ ವಿಜ್ಞಾನಿಯಾಗಿರುವ ಪವನ್ ಸಿನ್ಹಾ ಅವರು ಆರಂಭಿಸಿದ ಪ್ರಕಾಶ್ ಎಂಬ ಯೋಜನೆಯಲ್ಲಿ, ಹುಟ್ಟಿನಿಂದ ಕಣ್ಣು ಕಾಣದ ಮಕ್ಕಳಿಗೆ ದೆಹಲಿಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಎಂಟರಿಂದ ಹದಿನೇಳು ವರ್ಷದೊಳಗಿನ ಐವರನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೈ ಬಲ್ಲ ಆಕಾರವನ್ನು ಕಣ್ಣು ಒಡನೆಯೇ ಗುರುತಿಸಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಗುರುತಿಸುವುದನ್ನು ಕಲಿಯಿತು. ವೈದ್ಯರು ಕಣ್ಣನ್ನು ಕೊಟ್ಟರು. ನೋಟವನ್ನು ಆ ಮಕ್ಕಳು ತಾವೇ ಕಲಿತುಕೊಳ್ಳಬೇಕಾಯಿತು.

ಚಿತ್ರಕಲೆಯ ಜಗತ್ತಿಗೆ ಈ ವಿಚಾರವನ್ನು ಪ್ರಬಲವಾಗಿ ತಂದವರು ಅರ್ನ್‌ಸ್ಟ್ ಗೊಂಬ್ರಿಚ್. ವಿಯೆನ್ನಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಈ ವಿದ್ವಾಂಸರ 'ಆರ್ಟ್ ಅಂಡ್ ಇಲ್ಯೂಷನ್' ಎಂಬ ಗ್ರಂಥ 1960ರಲ್ಲಿ ಬಂದಿತು. ಅದಕ್ಕೆ ನೂರು ವರ್ಷ ಮೊದಲು, 1857ರಲ್ಲಿ, ಜಾನ್ ರಸ್ಕಿನ್ ಚಿತ್ರ ಬರೆಯಲು ಕಲಿಯುವವರಿಗೆ ಒಂದು ಬುದ್ಧಿಮಾತು ಹೇಳಿದ್ದ: ಇದು ಹುಲ್ಲು, ಇದು ಮರ ಎಂಬ ತಿಳಿವಳಿಕೆಯನ್ನೆಲ್ಲ ಕಳಚಿಟ್ಟು, ಆಗತಾನೆ ಕಣ್ಣು ಬಂದ ಕುರುಡನಂತೆ, ಮಗುವಿನ ಮುಗ್ಧ ಕಣ್ಣಿನಿಂದ ಬರಿಯ ಬಣ್ಣದ ಕಲೆಗಳನ್ನು ನೋಡಿರಿ ಎಂದು. ಗೊಂಬ್ರಿಚ್ ಇದನ್ನು ಒಪ್ಪಲಿಲ್ಲ. ಅಂತಹ ಮುಗ್ಧ ಕಣ್ಣು ಒಂದು ಕಲ್ಪನೆ ಮಾತ್ರ. ಕಣ್ಣು ಬರಿಗೈಯಲ್ಲಿ ಹೋಗುವುದೇ ಇಲ್ಲ. ತಾನು ಈಗಾಗಲೇ ಬಲ್ಲ ಒಂದು ಅಚ್ಚನ್ನು ಹಿಡಿದುಕೊಂಡು ಹೋಗುತ್ತದೆ, ವಸ್ತುವಿನ ಮೇಲೆ ಇಟ್ಟು ನೋಡುತ್ತದೆ, ಹೊಂದದ ಕಡೆ ತಿದ್ದಿಕೊಳ್ಳುತ್ತದೆ. ಅಚ್ಚು ಮತ್ತು ತಿದ್ದುಪಡಿ, ಇವೆರಡರ ಚರಿತ್ರೆಯೇ ಚಿತ್ರಕಲೆಯ ಚರಿತ್ರೆ ಎಂಬುದು ಅವರ ವಾದ.

ಅವರು ಕೊಡುವ ನಿದರ್ಶನಗಳಲ್ಲಿ ಒಂದಕ್ಕೆ ನಮ್ಮ ಕರಾವಳಿಯ ನಂಟಿದೆ. ಗುಜರಾತಿನ ಸುಲ್ತಾನ ಎರಡನೆಯ ಮುಜಫರ್ ಷಾ ಪೋರ್ಚುಗೀಸರ ಅಲ್ಬುಕರ್ಕ್‌ಗೆ ಕಾಣಿಕೆಯಾಗಿ ಕೊಟ್ಟ ಖಡ್ಗಮೃಗವೊಂದು ಗೋವೆಯಿಂದ ಹಡಗಿನಲ್ಲಿ ಹೊರಟು 1515ರ ಮೇ ತಿಂಗಳಲ್ಲಿ ಲಿಸ್ಬನ್ ತಲಪಿತು. ಜರ್ಮನಿಯ ಮಹಾಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಆ ಪ್ರಾಣಿಯನ್ನು ಕಂಡವನಲ್ಲ. ಯಾರೋ ಬರೆದ ಒಕ್ಕಣೆ, ಒಂದು ಗೀಚುಚಿತ್ರ, ಇಷ್ಟನ್ನೇ ಆಧರಿಸಿ ಅದೇ ವರ್ಷ ಮರದಚ್ಚಿನ ಚಿತ್ರವೊಂದನ್ನು ಮಾಡಿದ. ಮೈತುಂಬ ಯೋಧನ ಕವಚದಂತಹ ತಗಡುಗಳು, ಬೆನ್ನಿನ ಮೇಲೆ ಇಲ್ಲದ ಒಂದು ಪುಟ್ಟ ಕೊಂಬು. ಎರಡು ಶತಮಾನಗಳಿಗೂ ಮಿಕ್ಕಿ ಯೂರೋಪಿನಲ್ಲಿ ಖಡ್ಗಮೃಗವೆಂದರೆ ಇದೇ. ಸ್ವಾರಸ್ಯವಿರುವುದು ಮುಂದೆ. ಇಥಿಯೋಪಿಯಾದಲ್ಲಿ ಸಂಚರಿಸಿ ಬಂದ ಜೇಮ್ಸ್ ಬ್ರೂಸ್ ಎಂಬ ಪ್ರವಾಸಿ 1790ರ ತನ್ನ ಗ್ರಂಥದಲ್ಲಿ ಡ್ಯೂರರನ ತಪ್ಪುಗಳನ್ನು ಹಳಿದು, ತನ್ನ ಚಿತ್ರವಾದರೋ ಜೀವಂತ ಪ್ರಾಣಿಯನ್ನು ನೋಡಿ ಬರೆದದ್ದೆಂದು ಹೇಳಿಕೊಂಡ. ಆಫ್ರಿಕದ ಖಡ್ಗಮೃಗದ ಮೈಮೇಲೆ ಅಂತಹ ಕವಚದ ಮಡಿಕೆಗಳೇ ಇಲ್ಲ. ಬ್ರೂಸನ ಚಿತ್ರದಲ್ಲಿ ಮಾತ್ರ ಅವು ಇವೆ! ಆತ ಸುಳ್ಳುಗಾರನೆನ್ನಲಾಗದು. ಡ್ಯೂರರನನ್ನು ನೋಡಿದ ಕಣ್ಣು ಪ್ರಾಣಿಯ ಎದುರಿಗೂ ಡ್ಯೂರರನನ್ನೇ ನೋಡಿತು, ಅಷ್ಟೆ.

ಇನ್ನು ಎರಡನೆಯ ಮೆಟ್ಟಿಲು. ಒಬ್ಬೊಬ್ಬನ ಕಣ್ಣಿಗೆ ಕಲಿಕೆಯಿರುವಂತೆ ಒಂದು ಕಾಲದ, ಒಂದು ಸಮಾಜದ ಕಣ್ಣಿಗೂ ಕಲಿಕೆಯುಂಟೇ? ಉಂಟು ಎಂದು ತೋರಿಸಿದವರು ಮೈಕೇಲ್ ಬ್ಯಾಕ್ಸಂಡಾಲ್. ಹದಿನೈದನೆಯ ಶತಮಾನದ ಇಟಲಿಯ ಚಿತ್ರಕಲೆಯನ್ನು ಕುರಿತು 1972ರಲ್ಲಿ ಅವರು ಪ್ರಕಟಿಸಿದ ಪುಸ್ತಕ ಗಾತ್ರದಲ್ಲಿ ಚಿಕ್ಕದು, ಪರಿಣಾಮದಲ್ಲಿ ದೊಡ್ಡದು. 'ಕಾಲದ ಕಣ್ಣು' ಎಂಬ ಪರಿಕಲ್ಪನೆ ಅವರದು.

ಇದನ್ನು ವಿವರಿಸಲು ನಾನು ಫ್ಲಾರೆನ್ಸಿಗೆ ಹೋಗುವ ಮೊದಲು ಶಿವಮೊಗ್ಗದ ಅಡಕೆ ಮಂಡಿಗೆ ಹೋಗಿಬರುತ್ತೇನೆ. ನನ್ನ ಸೋದರಮಾವ ಅಲ್ಲಿ ವ್ಯಾಪಾರಿಯಾಗಿದ್ದರು. ಒಂದು ಹಿಡಿ ಅಡಕೆಯನ್ನು ಅಂಗೈಯಲ್ಲಿ ಹರಡಿ, ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಎಂದು ಕ್ಷಣದಲ್ಲಿ ವಿಂಗಡಿಸುತ್ತಿದ್ದರು. ನನ್ನ ಕಣ್ಣಿಗೆ ಎಲ್ಲವೂ ಅಡಕೆ. ನಮ್ಮಿಬ್ಬರ ಕಣ್ಣಿನ ಮೇಲೆ ಬಿದ್ದ ಬೆಳಕು ಒಂದೇ, ಕಂಡದ್ದು ಬೇರೆ. ಅವರ ಜೀವನೋಪಾಯ ಆ ಕಣ್ಣನ್ನು ತಿದ್ದಿತ್ತು. ಅದೇ ಕಣ್ಣನ್ನು ಹೊತ್ತುಕೊಂಡೇ ಅವರು ಜಾತ್ರೆಗೂ ಹೋಗುತ್ತಿದ್ದರು, ದೇವಸ್ಥಾನಕ್ಕೂ ಹೋಗುತ್ತಿದ್ದರು. ಬ್ಯಾಕ್ಸಂಡಾಲ್ ಹೇಳಿದ್ದು ಇದನ್ನೇ. ಚಿತ್ರವನ್ನು ನೋಡಲು ಬರುವವನು ಮನೆಯಲ್ಲಿ, ಪೇಟೆಯಲ್ಲಿ, ಗುಡಿಯಲ್ಲಿ, ಕುಣಿತದಲ್ಲಿ ತಾನು ಗಳಿಸಿದ ನೋಟದ ಪರಿಣತಿಯನ್ನೇ ಚಿತ್ರದ ಮುಂದೆಯೂ ಬಳಸುತ್ತಾನೆ. ಚಿತ್ರಕಾರನೂ ಅದನ್ನು ನಂಬಿಯೇ ಬರೆಯುತ್ತಾನೆ.

ಆ ಕಾಲದ ಇಟಲಿಯ ವರ್ತಕನ ಮಗ ಶಾಲೆಯಲ್ಲಿ ಕಲಿಯುತ್ತಿದ್ದ ಮುಖ್ಯ ವಿದ್ಯೆಯೆಂದರೆ ವ್ಯಾಪಾರದ ಲೆಕ್ಕ. ಒಂದೇ ಅಳತೆಯ ಪೀಪಾಯಿಗಳು ಅಂದು ಇರಲಿಲ್ಲ. ಹೊಟ್ಟೆ ಉಬ್ಬಿದ ಪೀಪಾಯಿಯನ್ನು ನೋಡಿ, ಅದನ್ನು ಮನಸ್ಸಿನಲ್ಲೇ ಸರಳ ಆಕೃತಿಗಳಾಗಿ ಒಡೆದು, ಅದರೊಳಗೆ ಎಷ್ಟು ಹಿಡಿಯುತ್ತದೆಂದು ಲೆಕ್ಕ ಹಾಕಬೇಕಾಗಿತ್ತು. ಇಂತಹ ಲೆಕ್ಕಗಳ ಮೇಲೆ ಒಂದು ಗ್ರಂಥವನ್ನೇ ಬರೆದವನು ಪಿಯೆರೊ ದೆಲ್ಲಾ ಫ್ರಾನ್ಚೆಸ್ಕಾ. ಅವನೇ ಆ ಶತಮಾನದ ಶ್ರೇಷ್ಠ ಚಿತ್ರಕಾರರಲ್ಲಿ ಒಬ್ಬ. ಗರ್ಭಿಣಿಯಾದ ಮೇರಿಮಾತೆಯನ್ನು ಚಿತ್ರಿಸಿರುವ ಅವನ ಭಿತ್ತಿಚಿತ್ರದಲ್ಲಿ ಇಬ್ಬರು ದೇವದೂತರು ಒಂದು ದುಂಡು ಡೇರೆಯ ಪರದೆಯನ್ನು ಎರಡು ಕಡೆಗೆ ಸರಿಸಿ ಹಿಡಿದಿದ್ದಾರೆ. ನಾವು ಅಲ್ಲಿ ಗಾಂಭೀರ್ಯವನ್ನು ಕಾಣುತ್ತೇವೆ. ಅಂದಿನ ಅರಿವೆ ವ್ಯಾಪಾರಿ ಅದರ ಜೊತೆಗೆ ಮೇಲೊಂದು ಶಂಕು, ಕೆಳಗೊಂದು ಉರುಳೆ, ಇದಕ್ಕೆ ಇಷ್ಟು ಬಟ್ಟೆ ಎಂದೂ ಕಾಣಬಲ್ಲವನಾಗಿದ್ದ. ಅವನಿಗೆ ಅದು ಭಕ್ತಿಗೆ ಅಡ್ಡಿಯಾಗಿರಲಿಲ್ಲ. ಬಲ್ಲ ಕಣ್ಣಿನ ಸುಖವೂ ಭಕ್ತಿಯೊಂದಿಗೆ ಬೆರೆತಿತ್ತು.

ಬಣ್ಣದ ಮಾತೂ ಹೀಗೆಯೇ. ಫ್ಲಾರೆನ್ಸಿನ ಅನಾಥ ಶಿಶುಗಳ ಆಶ್ರಯಕ್ಕಾಗಿ, ಮೂವರು ಜ್ಞಾನಿಗಳು ಶಿಶು ಯೇಸುವಿಗೆ ಕಾಣಿಕೆ ಅರ್ಪಿಸುವ ದೃಶ್ಯವನ್ನು ಬರೆದುಕೊಡಲು ದೊಮೆನಿಕೊ ಗಿರ್ಲಂದಾಯೊ 1485ರಲ್ಲಿ ಮಾಡಿಕೊಂಡ ಕರಾರುಪತ್ರ ಉಳಿದಿದೆ. ನೀಲಿಯು ಔನ್ಸಿಗೆ ಸುಮಾರು ನಾಲ್ಕು ಫ್ಲೋರಿನ್ ಬೆಲೆಯದೇ ಆಗಿರಬೇಕೆಂಬ ಷರತ್ತು ಅದರಲ್ಲಿದೆ. ಫ್ಲೋರಿನ್ ಎಂದರೆ ಚಿನ್ನದ ನಾಣ್ಯ. ಆ ನೀಲಿ ಆಫ್ಘಾನಿಸ್ತಾನದ ಬದಕ್ಷಾನದ ಗಣಿಗಳಿಂದ ಸಾವಿರಾರು ಮೈಲಿ ಸಾಗಿಬಂದ ಲಾಜವರ್ದ ಕಲ್ಲಿನ ಪುಡಿ. ನಮ್ಮ ಹಳೆಯ ಗ್ರಂಥಗಳ ರಾಜಾವರ್ತ. ಅಂದಿನ ನೋಡುಗ ನೀಲಿಯನ್ನು ನೋಡಿ, ಇದು ಬೆಲೆಯುಳ್ಳದ್ದು, ಇದು ಅಗ್ಗದ್ದು ಎಂದು ವಿಂಗಡಿಸಬಲ್ಲವನಾಗಿದ್ದ, ನಮ್ಮ ಹೆಂಗಸರು ಸೀರೆಯ ಅಂಚನ್ನು ನೋಡಿಯೇ ಜರಿಯ ಗುಣವನ್ನು ಹೇಳುವಂತೆ. ಮಾತೆಗೆ ಅತ್ಯುತ್ತಮ ನೀಲಿಯನ್ನು ಉಡಿಸುವುದೆಂದರೆ ಗೌರವವನ್ನು ಕಣ್ಣಿಗೆ ಕಾಣುವಂತೆ ಅಳೆದುಕೊಡುವುದು. ಈಗ ಮುದ್ರಿತ ಪ್ರತಿಯಲ್ಲಿ ಎಲ್ಲ ನೀಲಿಯೂ ಒಂದೇ ಶಾಯಿ. ಚಿತ್ರ ನಮ್ಮ ಮುಂದಿದೆ. ಅದನ್ನು ನೋಡಬಲ್ಲ ಕಣ್ಣು ಮಣ್ಣಾಗಿ ಐದು ಶತಮಾನಗಳಾದವು.

ಆದರೆ ಇಲ್ಲೊಂದು ತೊಡಕನ್ನು ಮುಚ್ಚಿಡಬಾರದು. ಕಾಲದ ಕಣ್ಣು ಎಂದಾಗ ಅದು ಯಾರ ಕಣ್ಣು? ಬ್ಯಾಕ್ಸಂಡಾಲರ ನೋಡುಗ ಲೆಕ್ಕ ಬಲ್ಲ, ದುಡ್ಡಿರುವ ಗಂಡಸು. ಅವನ ಅಡುಗೆಯವಳು, ಅವನ ಗದ್ದೆಯ ಆಳು, ಅವನ ಹೆಂಡತಿ ಅದೇ ಚಿತ್ರದ ಮುಂದೆ ಮೊಣಕಾಲೂರಿದಾಗ ಏನನ್ನು ಕಂಡರು? ಈ ಆಕ್ಷೇಪವನ್ನು ಮುಂದಿನ ವಿದ್ವಾಂಸರು ಎತ್ತಿದರು. ಇದು ನಮ್ಮನ್ನು ಮೂರನೆಯ ಮೆಟ್ಟಿಲಿಗೆ ತರುತ್ತದೆ: ನೋಡುವವರು ಯಾರು, ನೋಡಿಸಿಕೊಳ್ಳುವವರು ಯಾರು?

ಕಾಕತಾಳೀಯವೆಂಬಂತೆ ಅದೇ 1972ರಲ್ಲಿ ಇಂಗ್ಲೆಂಡಿನ ಜಾನ್ ಬರ್ಜರ್ 'ವೇಸ್ ಆಫ್ ಸೀಯಿಂಗ್' ಎಂಬ ನಾಲ್ಕು ಕಾರ್ಯಕ್ರಮಗಳನ್ನು ಬಿ.ಬಿ.ಸಿ. ದೂರದರ್ಶನದಲ್ಲಿ ನಡೆಸಿಕೊಟ್ಟರು, ಅದೇ ಹೆಸರಿನ ಪುಸ್ತಕವೂ ಆ ವರ್ಷವೇ ಹೊರಬಂದಿತು. ಅದರಲ್ಲಿ ಒಂದು ಪ್ರಯೋಗವಿದೆ. ವ್ಯಾನ್ ಗೋ ಬರೆದ, ಗೋಧಿಯ ಹೊಲದ ಮೇಲೆ ಕಾಗೆಗಳು ಹಾರುವ ಚಿತ್ರವನ್ನು ಮೊದಲು ಸುಮ್ಮನೆ ನೋಡಲು ಹೇಳುತ್ತಾರೆ. ಪುಟ ತಿರುವಿದರೆ ಅದೇ ಚಿತ್ರ. ಆದರೆ ಕೆಳಗೊಂದು ಸಾಲು, ಚಿತ್ರಕಾರ ಪ್ರಾಣ ಕಳೆದುಕೊಳ್ಳುವ ಮುನ್ನ ಬರೆದ ಕೊನೆಯ ಚಿತ್ರ ಇದು ಎಂದು. ತಕ್ಷಣ ಕಾಗೆಗಳು ಕಪ್ಪಾಗುತ್ತವೆ, ಆಕಾಶ ಕೆಳಗಿಳಿಯುತ್ತದೆ, ಹೊಲದ ದಾರಿ ಎಲ್ಲಿಗೂ ಹೋಗದ ದಾರಿಯಾಗುತ್ತದೆ. ಒಂದು ಸಾಲು ಚಿತ್ರವನ್ನೇ ಬದಲಾಯಿಸಿತು. ಇದರ ಮುಂದಿನ ಭಾಗ ಇನ್ನೂ ಮಾರ್ಮಿಕವಾಗಿದೆ. ವ್ಯಾನ್ ಗೋ ತೀರಿಕೊಂಡದ್ದು 1890ರ ಜುಲೈ 29ರಂದು. ಅವನ ಕೊನೆಯ ಚಿತ್ರ ಈ ಹೊಲವಲ್ಲ, ಮರದ ಬೇರುಗಳನ್ನು ಬರೆದ ಇನ್ನೊಂದು ಚಿತ್ರವಿರಬೇಕೆಂದು ಈಗಿನ ಸಂಶೋಧಕರ ಅಭಿಪ್ರಾಯ. ಹಾಗಾದರೆ ಕಾಗೆಗಳಲ್ಲಿ ನಾವು ಕಂಡ ಸಾವು ಎಲ್ಲಿಂದ ಬಂದಿತು? ತಪ್ಪಾದ ಒಂದು ಸಾಲಿನಿಂದ. ದಿನವೂ ಪತ್ರಿಕೆಯಲ್ಲಿ, ಕೈಯ ದೂರವಾಣಿಯ ಪರದೆಯಲ್ಲಿ, ಅಡಿಬರಹ ಹೊತ್ತ ಚಿತ್ರಗಳನ್ನು ನೂರಾರು ನೋಡುವ ನಮಗೆ ಇದು ಸಣ್ಣ ಎಚ್ಚರಿಕೆಯಲ್ಲ.

ಬರ್ಜರ್ ಎತ್ತಿದ ಇನ್ನೊಂದು ವಿಷಯ ಹೆಣ್ಣಿನ ಚಿತ್ರಗಳದು. ಯೂರೋಪಿನ ತೈಲಚಿತ್ರಗಳಲ್ಲಿ ನಗ್ನಳಾಗಿ ಮಲಗಿದ ಹೆಣ್ಣು ಚಿತ್ರದೊಳಗಿನ ಯಾರಿಗಾಗಿಯೂ ಅಲ್ಲಿಲ್ಲ. ಚಿತ್ರದ ಹೊರಗೆ ನಿಂತ, ದುಡ್ಡು ಕೊಟ್ಟ ಗಂಡಸಿಗಾಗಿ ಇದ್ದಾಳೆ ಎಂದರು. ಮೂರು ವರ್ಷಗಳ ಮೇಲೆ, 1975ರಲ್ಲಿ, ಲಾರಾ ಮಲ್ವಿ ಎಂಬ ವಿದುಷಿ ಇದೇ ಪ್ರಶ್ನೆಯನ್ನು ಸಿನಿಮಾಕ್ಕೆ ಹಾಕಿದರು. ಕ್ಯಾಮೆರಾ ಗಂಡಸಿನ ಕಣ್ಣಾಗಿ ತಿರುಗುವಾಗ, ನೋಡುವ ಅಧಿಕಾರ ಒಬ್ಬರದು, ನೋಡಿಸಿಕೊಳ್ಳುವ ಪಾಡು ಇನ್ನೊಬ್ಬರದು ಎಂದರು.

ಇದನ್ನು ಮೊದಲು ಓದಿದಾಗ ದೂರ ದೇಶದ ವಾದವೆಂದುಕೊಂಡೆ. ಆಮೇಲೆ ನೆನಪಾಯಿತು, ನಮ್ಮಲ್ಲಿ ಇದಕ್ಕೆ ಶಾಸ್ತ್ರವೇ ಇದೆ, ಹೆಸರೂ ಇದೆ: ಹೆಣ್ಣು ನೋಡುವ ಶಾಸ್ತ್ರ. ನಾನೂ ಹಿರಿಯರೊಡನೆ ಹೋಗಿ, ಕೇಸರಿಬಾತು ಉಪ್ಪಿಟ್ಟು ತಿಂದು, ಹೆಣ್ಣು ನೋಡಿ ಬಂದವನು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಒಂದು ದಿನ ನನ್ನ ಮನೆಯಾಕೆ ಹೇಳಿದಳು: "ನೀವು ಆವತ್ತು ನನ್ನ ಮುಖ ನೋಡಿದಿರಿ. ತಲೆ ಎತ್ತಬೇಡ ಅಂತ ಅಮ್ಮ ಹೇಳಿದ್ದಳು, ನಾನು ನೋಡಿದ್ದು ನಿಮ್ಮ ಕಾಲು. ಹೆಬ್ಬೆರಳಿನ ಉಗುರು ಒಡೆದಿತ್ತು. ಎಲ್ಲೋ ಎಡವಿದ್ದಾರೆ, ಅವಸರದ ಮನುಷ್ಯ ಅಂದುಕೊಂಡೆ." ಇಬ್ಬರೂ ನಕ್ಕೆವು. ಆದರೆ ಅವಳಿಗಿಂತ ಮೊದಲು ಇಬ್ಬರು ಹುಡುಗಿಯರನ್ನು ನೋಡಿ ಬೇಡವೆಂದು ಬಂದಿದ್ದೆವು. ಆ ಮುಖಗಳು ನನಗೆ ನೆನಪಿಲ್ಲ. ನಮ್ಮ ನೋಟ ಅವರಿಗೆ ಎಷ್ಟು ಕಾಲ ನೆನಪಿತ್ತೋ ಎಂದು ಯೋಚಿಸಿದಾಗ ಇಂದಿಗೂ ನಾಚಿಕೆಯಾಗುತ್ತದೆ.

ನಮ್ಮ ಭಾಷೆಗೆ ಈ ಸತ್ಯ ಹಿಂದಿನಿಂದಲೂ ತಿಳಿದಿತ್ತು. 'ಅವರನ್ನು ಹೀನಾಯವಾಗಿ ಕಂಡರು' ಎನ್ನುತ್ತೇವೆ. ಇಲ್ಲಿ ಕಾಣುವುದೆಂದರೆ ನಡೆಸಿಕೊಳ್ಳುವುದು. 'ಮುಪ್ಪಿನಲ್ಲಿ ಮಗಳು ನೋಡಿಕೊಂಡಳು' ಎನ್ನುತ್ತೇವೆ. ಇಲ್ಲಿ ನೋಡುವುದೆಂದರೆ ಸಲಹುವುದು. ಕೂಸಿಗೆ ದೃಷ್ಟಿ ತಾಗುತ್ತದೆ, ಕೆನ್ನೆಗೆ ಬೊಟ್ಟು ಇಡುತ್ತೇವೆ. ಇಲ್ಲಿ ನೋಟಕ್ಕೆ ಕೈಯಂತೆ ಮುಟ್ಟುವ ಶಕ್ತಿಯುಂಟು. ಇಂತಹ ಭಾಷೆಯಲ್ಲಿ ನೋಡುವುದು ಬರಿಯ ಕಣ್ಣಿನ ಕೆಲಸವಾಗಿ ಉಳಿಯುವುದು ಸಾಧ್ಯವೇ ಇಲ್ಲ.

ಇಲ್ಲಿಂದ ದರ್ಶನ ಎಂಬ ಮಾತಿಗೆ ಒಂದೇ ಹೆಜ್ಜೆ. ಅಮೆರಿಕದ ಡಯಾನಾ ಎಕ್ ಎಂಬ ವಿದುಷಿ 1981ರಲ್ಲಿ ಈ ಒಂದು ಪದವನ್ನೇ ಹಿಡಿದು ಒಂದು ಪುಸ್ತಕ ಬರೆದರು. ದೇವಾಲಯಕ್ಕೆ ಬಂದ ಭಕ್ತ ಮೂರ್ತಿಯನ್ನು ನೋಡುತ್ತಾನೆ ಎಂಬುದು ಅರ್ಧ ಮಾತು. ದೇವರ ಕಣ್ಣು ತನ್ನ ಮೇಲೆ ಬೀಳಲೆಂದು ನಿಲ್ಲುತ್ತಾನೆ ಎಂಬುದು ಉಳಿದರ್ಧ. ದೇವರು ದರ್ಶನ ಕೊಡುತ್ತಾನೆ, ಭಕ್ತ ಪಡೆಯುತ್ತಾನೆ. ಆದುದರಿಂದಲೇ ಮೂರ್ತಿಗೆ ಕಣ್ಣು ತೆರೆಸುವ ನೇತ್ರೋನ್ಮೀಲನಕ್ಕೆ ಅಷ್ಟು ಮಹತ್ತ್ವ. ವಸ್ತುಸಂಗ್ರಹಾಲಯದಲ್ಲಿ ನಿಂತ ಅದೇ ಮೂರ್ತಿಯನ್ನು ನಾವು ನೋಡುತ್ತೇವೆ. ಅದು ನಮ್ಮನ್ನು ನೋಡುತ್ತದೆ ಎಂಬ ಭಾವ ಅಲ್ಲಿ ನಮ್ಮನ್ನು ಮುಟ್ಟುವುದು ಅಪರೂಪ. ಕಲ್ಲು ಅದೇ, ನೋಟದ ಕರಾರು ಬೇರೆ.

ಇದು ನನ್ನ ಅನುಭವಕ್ಕೆ ಬಂದದ್ದು ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನೊಬ್ಬ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವದು. ಅದರ ಮಂಟಪದ ಹೊರಗೋಡೆಯ ಮೇಲೆ ನೂರನಲವತ್ತು ಕಥಾಫಲಕಗಳಿವೆ. ದಕ್ಷಿಣದ ಗೋಡೆಯಲ್ಲಿ ರಾಮಾಯಣ, ಎಪ್ಪತ್ತು ಫಲಕ; ಉತ್ತರದ ಗೋಡೆಯಲ್ಲಿ ಕೃಷ್ಣನ ಕಥೆ ಇಪ್ಪತ್ತೈದು, ಭಾರತ ನಲವತ್ತೈದು. ನಾನು 1983ರಲ್ಲಿ, ಎಂ.ಎ. ಮುಗಿಸಿ ಉಪನ್ಯಾಸಕನಾದ ಹೊಸದರಲ್ಲಿ, ನನ್ನ ಅವ್ವನನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆಕೆ ನೇರವಾಗಿ ಒಳಗೆ ಹೋದಳು. ಶಿಲ್ಪವಿರುವುದು ಹೊರಗೆ, ಇವಳಿಗೆ ಅದರ ಬೆಲೆ ತಿಳಿಯದು ಎಂದು ನಾನು ಮನಸ್ಸಿನಲ್ಲೇ ಮರುಗಿದೆ. ದಕ್ಷಿಣದ ಗೋಡೆಯ ಮುಂದೆ ನಿಂತು, ಪುಸ್ತಕದ ಸಾಲಿನಂತೆ ಎಡದಿಂದ ಬಲಕ್ಕೆ ರಾಮಾಯಣವನ್ನು ಓದಿದೆ. ಎಲ್ಲವೂ ಸರಿಹೊಂದಿತು. ಅದೇ ಉತ್ಸಾಹದಲ್ಲಿ ಉತ್ತರಕ್ಕೆ ಹೋಗಿ ಎಡತುದಿಯಿಂದ ಆರಂಭಿಸಿದೆ. ಯಾವ ಕಥೆಯೂ ಕೂಡಿಬರಲಿಲ್ಲ. ಬೆಳೆದ ಕೃಷ್ಣ ಮೊದಲು, ಕೂಸಾದ ಕೃಷ್ಣ ಆಮೇಲೆ! ಶಿಲ್ಪಿಗೆ ಕಥೆಯ ಅನುಕ್ರಮ ತಿಳಿಯದೆಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದೂಬಿಟ್ಟೆ.

ಅಷ್ಟರಲ್ಲಿ ಅವ್ವ ಪ್ರದಕ್ಷಿಣೆ ಮಾಡುತ್ತ ಆ ಕಡೆಯಿಂದ ಬಂದಳು. "ಅಲ್ಲೇನ್ ನಿಂತ್ಕಂಡೀಯೋ? ದೇವ್ರುನ್ನ ಎಡಕ್ಕೆ ಹಾಕ್ಕಂಡು ಯಾರಾದ್ರೂ ಸುತ್ತುತಾರೇನೋ? ಇತ್ಲಾಗಿಂದ ಬಾ" ಎಂದಳು. ನಡೆಯುತ್ತ ನಡೆಯುತ್ತಲೇ ಬಲತುದಿಯಿಂದ ಒಂದೊಂದು ಫಲಕಕ್ಕೂ ಕೈಮುಗಿದು ಕಥೆ ಹೇಳಿಕೊಂಡು ಬಂದಳು. ಒಂದೂ ತಪ್ಪಲಿಲ್ಲ. ದೇವರನ್ನು ಬಲಕ್ಕಿಟ್ಟುಕೊಂಡು ನಡೆಯುವವರಿಗೆ ಗೋಡೆಯ ಕಥೆ ಬಲದಿಂದ ಎಡಕ್ಕೆ ಬಿಚ್ಚಿಕೊಳ್ಳುತ್ತದೆ. ಹೊಯ್ಸಳ ದೇವಾಲಯಗಳಲ್ಲಿ ಅದೇ ವಾಡಿಕೆಯ ಕ್ರಮ. ಅಮೃತಾಪುರದ ರಾಮಾಯಣ ಮಾತ್ರ ಅದಕ್ಕೆ ವಿರುದ್ಧವಾಗಿ ಅಪ್ರದಕ್ಷಿಣವಾಗಿ ಸಾಗುತ್ತದೆಂದು ಆಮೇಲೆ ಗ್ರಂಥಗಳಲ್ಲಿ ಓದಿದೆ. ನನ್ನ ಕಣ್ಣು ಅಕ್ಷರದಿಂದ ಕಲಿತಿತ್ತು, ಆಕೆಯ ಕಣ್ಣು ಕಾಲಿನಿಂದ ಕಲಿತಿತ್ತು. ಆ ದೇವಾಲಯದಲ್ಲಿ ನಮ್ಮಿಬ್ಬರಿಗೂ ಒಂದೊಂದು ಗೋಡೆಯಿತ್ತು. ವ್ಯತ್ಯಾಸವಿಷ್ಟೆ: ನನ್ನದಲ್ಲದ ಗೋಡೆಯನ್ನು ನಾನು ಅಜ್ಞಾನವೆಂದು ಬರೆದುಕೊಂಡೆ, ಆಕೆ ಹಾಗೆ ಯಾರನ್ನೂ ಹಳಿಯಲಿಲ್ಲ.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಯಾರಾದರೂ ಕೇಳಬಹುದು. ಪ್ರತಿಯೊಬ್ಬರ ಕಣ್ಣೂ ಕಲಿತದ್ದನ್ನೇ ಕಾಣುವುದಾದರೆ, ನಾವೆಲ್ಲರೂ ನಮ್ಮನಮ್ಮ ನೋಟದ ಸೆರೆಯಾಳುಗಳೇ? ಎಲ್ಲ ನೋಟವೂ ಸಮಾನವೇ, ಸರಿತಪ್ಪುಗಳೇ ಇಲ್ಲವೇ? ವಿದ್ವಾಂಸರಲ್ಲಿ ಹಾಗೆ ವಾದಿಸುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಾಗದು. ಖಡ್ಗಮೃಗದ ಬೆನ್ನಿನ ಕೊಂಬು ಕಡೆಗೂ ಚಿತ್ರಗಳಿಂದ ಉದುರಿಹೋಯಿತು. ವ್ಯಾನ್ ಗೋನ ಕೊನೆಯ ಚಿತ್ರದ ಬಗೆಗಿನ ನಂಬಿಕೆಯನ್ನು ಯಾರೋ ತಿದ್ದಿದರು. ದೆಹಲಿಯ ಮಕ್ಕಳ ಕಣ್ಣು ದಿನಗಳಲ್ಲಿ ಕಲಿಯಿತು. ನನ್ನ ಟಿಪ್ಪಣಿ ಪುಸ್ತಕದ ಸಾಲನ್ನು ಅವ್ವ ಹೊಡೆದುಹಾಕಿಸಿದಳು. ಕಲಿತದ್ದಾದ್ದರಿಂದಲೇ ನೋಟವನ್ನು ತಿದ್ದಿಕೊಳ್ಳಲೂ ಬರುತ್ತದೆ. ಹುಟ್ಟಿನಿಂದ ಬಂದದ್ದಷ್ಟೇ ಆಗಿದ್ದರೆ ಆ ದಾರಿಯೂ ಮುಚ್ಚಿರುತ್ತಿತ್ತು. ಆದರೆ ತಿದ್ದುವವರು ಬೇಕು. ಒಬ್ಬನೇ ನಿಂತು ಎಷ್ಟು ದಿಟ್ಟಿಸಿದರೂ ತನ್ನ ಗೋಡೆ ಕೆನೆಬಣ್ಣದ್ದಾಗಿಯೇ ಇರುತ್ತದೆ. ಅದು ಬಿಳಿ ಎಂದು ಹೇಳಲು ಪಕ್ಕದಲ್ಲಿ ಇನ್ನೊಬ್ಬರು ಬೇಕು, ಅವರು ಸುಮ್ಮನಿರಬೇಕಾಗದಂತೆ ನಾವು ನಡೆದುಕೊಂಡಿರಬೇಕು.

ಆದುದರಿಂದ ಮುಂದೆ ನೀವು ಒಂದು ಚಿತ್ರದ ಎದುರಿಗೋ ಶಿಲ್ಪದ ಎದುರಿಗೋ ನಿಂತಾಗ, ಚೆನ್ನಾಗಿದೆ ಅಥವಾ ಅರ್ಥವಾಗಲಿಲ್ಲ ಎಂದು ಹೊರಡುವ ಮೊದಲು ಸ್ವಲ್ಪ ಹೊತ್ತು ನಿಲ್ಲಿರಿ ಎಂದಷ್ಟೇ ನನ್ನ ಕೋರಿಕೆ. ಇದು ಯಾರ ಕಣ್ಣಿಗಾಗಿ ಮಾಡಿದ್ದು, ಆ ಕಣ್ಣು ಏನನ್ನು ಬಲ್ಲುದಾಗಿತ್ತು, ನನ್ನ ಕಣ್ಣು ಏನನ್ನು ಹೊತ್ತು ತಂದಿದೆ ಎಂದು ಕೇಳಿಕೊಳ್ಳಿರಿ. ಜೊತೆಯಲ್ಲಿ ಬಂದವರಿಗೆ ಏನು ಕಂಡಿತೆಂದೂ ಕೇಳಿರಿ.

ಕಣ್ಣಿನ ಚಿಕಿತ್ಸೆಯಾದ ಮೇಲೆ ನಾನು ಒಮ್ಮೆ ಅಮೃತಾಪುರಕ್ಕೆ ಹೋಗಿಬಂದೆ. ಅವ್ವ ಈಗಿಲ್ಲ. ಹೊಸ ಕಣ್ಣಿಗೆ ಕಲ್ಲಿನ ಗೆರೆಗಳು ಬಹಳ ಸ್ಪಷ್ಟವಾಗಿ ಕಂಡವು. ಉತ್ತರದ ಗೋಡೆಗೆ ಬಂದಾಗ ದೇವರನ್ನು ಬಲಕ್ಕಿಟ್ಟುಕೊಂಡು, ಬಲತುದಿಯಿಂದ ನಿಧಾನವಾಗಿ ನಡೆದೆ. ತೊಟ್ಟಿಲ ಕೂಸು ಮೊದಲು ಬಂದಿತು.

(ಬಾನುಲಿ ಭಾಷಣ)